ವೇಲಾಯುಧನ್ ಅತ್ತ ಸುದ್ದಿ

ಹೆಂಡತಿ ದಾಕ್ಷಾಯಣಿ ತೀರಿಕೊಂಡಾಗ ವೇಲಾಯುಧನ್ ಅಳಲಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿಂದ. ಹದಿನಾರನೆಯ ದಿನದ ಊಟ ಮುಗಿದರೂ ಅವನ ಕಣ್ಣು ಒಣಗಿಯೇ ಇದ್ದದ್ದನ್ನು ಕಂಡು ಒಟ್ಟಪಾಲಂನ ಆ ಓಣಿಗೆ ದಿಗಿಲಾಯಿತು. ಒಳಗೇ ಕಟ್ಟಿಕೊಂಡ ದುಃಖ ಎದೆ ಒಡೆಸುತ್ತದೆ ಎಂದು ನೆರೆಯವರು ಸರದಿಯ ಮೇಲೆ ಗಂಜಿ ತಂದು, ಎದುರಿಗೆ ಕೂತು, ಕುಕ್ಕರಿನ ಸೀಟಿ ಕಾಯುವವರ ಹಾಗೆ ಅವನ ಮುಖವನ್ನೇ ನೋಡತೊಡಗಿದರು. ಪ್ರೀತಿಯಿದ್ದರಲ್ಲವೇ ಅಳು ಎಂದು ಒಬ್ಬಾಕೆ ಕೇಳಿಸುವಂತೆಯೇ ಅಂದಳು. ಅವನಿಗೂ ಅಳಬೇಕೆಂದೇ ಇತ್ತು. ಜೊತೆಗೆ ಬಾಳಿದವಳಿಗೆ ಒಂದು ಹನಿ ಕಣ್ಣೀರು ಕೊಡಲಾಗದ ತನ್ನ ಬಗ್ಗೆ ಅವನಿಗೇ ನಾಚಿಕೆಯಾಗುತ್ತಿತ್ತು.

ಕೊನೆಗೆ ಪಕ್ಕದ ಮನೆಯ ಶಂಕುಣ್ಣಿ ಅವನನ್ನು ಸಂಮೋಹನ ಚಿಕಿತ್ಸೆಯ ಡಾಕ್ಟರ್ ಜಯಪಾಲನ್ ಬಳಿ ಎಳೆದೊಯ್ದು, ತಾನೂ ಪಕ್ಕದ ಕುರ್ಚಿಯಲ್ಲಿ ತಳವೂರಿದ.

“ನಿಮ್ಮ ರೆಪ್ಪೆ ಭಾರ ಆಗ್ತಿದೆ. ಬಲಗೈ ಹಗುರಾಗಿ ಮೇಲೇಳ್ತಿದೆ,” ಎಂದರು ಡಾಕ್ಟರು.

ಕೈ ಎದ್ದಿತು. ಆದರೆ ಅದು ಶಂಕುಣ್ಣಿಯದು. ಬಸ್ಸು ನಿಲ್ಲಿಸುವವನಂತೆ ಕೈಯೆತ್ತಿಕೊಂಡೇ ಅವನು ಗೊರಕೆ ಹೊಡೆಯತೊಡಗಿದ.

ಕೆಲವರಿಗೆ ನೇರವಾಗಿ ಹೇಳಿದರೆ ನಾಟುತ್ತದೆ, ಕೆಲವರಿಗೆ ಸುತ್ತಿ ಬಳಸಿ ಸೂಚಿಸಿದರೆ ಮಾತ್ರ ಎಂದರು ಡಾಕ್ಟರು. ಮನೆಯಲ್ಲಿ ನೀವು ಹೇಗೆ ಎಂದು ವಿಚಾರಿಸಿದರು. ವೇಲಾಯುಧನ್ ಯೋಚಿಸಿದ. ಗಂಡಹೆಂಡಿರ ನಡುವೆ ನೇರ ಮಾತೇ ಇರಲಿಲ್ಲ. ಪಕ್ಕದ ಮನೆಯಲ್ಲಿ ಮೀನು ಹುರಿಯುತ್ತಿದ್ದಾರೆ ಎಂದು ಅವಳು ಅಂದರೆ ಸಾಕು, ಇವನು ಚೀಲ ಹಿಡಿದು ಹೊರಡುತ್ತಿದ್ದ.

ಹಾಗಾದರೆ ಕತೆಯೇ ಸರಿ ಎಂದು ಡಾಕ್ಟರು ಹೆಂಡತಿ ಸತ್ತ ಒಬ್ಬನ ಕತೆ ತೆಗೆದರು. ಅವನು ಈಗಲೂ ಎರಡು ತಟ್ಟೆ ಹಾಕುತ್ತಾನಂತೆ. ಅವಳು ಬಿಚ್ಚಿಟ್ಟ ಸೀರೆ ಒಗೆಯಲು ಮನಸ್ಸು ಬರುವುದಿಲ್ಲವಂತೆ. ಅಷ್ಟರಲ್ಲಿ ಡಾಕ್ಟರು ಕತೆ ಅರ್ಧಕ್ಕೇ ಬಿಟ್ಟು ಕನ್ನಡಕ ತೆಗೆದು ಒರೆಸತೊಡಗಿದರು. ಸೂಚನೆ ಹಿಡಿಯುವುದರಲ್ಲಿ ಪಳಗಿದ ವೇಲಾಯುಧನ್‌ಗೆ ಅದು ಯಾರ ಕತೆಯೆಂದು ತಿಳಿದುಹೋಯಿತು.

“ಅವರು ಹೋಗಿ ಎಷ್ಟು ದಿನ ಆಯ್ತು ಸಾರ್?” ಎಂದ.

ಡಾಕ್ಟರು ಬಿಕ್ಕಿ ಬಿಕ್ಕಿ ಅತ್ತರು. ಇವನು ತನ್ನ ಕರವಸ್ತ್ರದಿಂದ ಅವರ ಕಣ್ಣೊರೆಸಿ, ಬೆನ್ನು ಸವರುತ್ತ ಕೂತ.

ಶಂಕುಣ್ಣಿಗೆ ಎಚ್ಚರವಾದಾಗ ಕಂಡದ್ದು ವೇಲಾಯುಧನ್ ಕೈಯಲ್ಲಿದ್ದ ಒದ್ದೆ ಕರವಸ್ತ್ರ. ಅವನು ಬೇರೇನೂ ಕೇಳಲಿಲ್ಲ. ಡಾಕ್ಟರ ಮಾನ ಉಳಿಯಲಿ ಎಂದು ಇವನೂ ಹೇಳಲಿಲ್ಲ. ಸಂಜೆಯೊಳಗೆ ವೇಲಾಯುಧನ್ ಅತ್ತ ಸುದ್ದಿ ಓಣಿಗೆಲ್ಲ ಹಬ್ಬಿತು. ಇನ್ನು ಭಯವಿಲ್ಲ ಎಂದು ಎಲ್ಲರೂ ತಮ್ಮ ತಮ್ಮ ಗಂಜಿ ಪಾತ್ರೆ ಎತ್ತಿಕೊಂಡು ಮನೆಗೆ ಹೋದರು.

ಜಗಲಿಯಲ್ಲಿ ಶಂಕುಣ್ಣಿ ಒಬ್ಬನೇ ಉಳಿದಿದ್ದ. ಖಾಲಿ ಮನೆಯೊಳಗೆ ಕಾಲಿಡಲು ವೇಲಾಯುಧನ್‌ಗೆ ಹೆದರಿಕೆಯಾಯಿತು. ಸ್ವಲ್ಪ ಹೊತ್ತು ಇರು ಎನ್ನಲು ನಾಲಗೆ ಏಳಲಿಲ್ಲ.

“ಚಹಾಕ್ಕೆ ಇಬ್ರಿಗಾಗೋಷ್ಟು ಹಾಲಿದೆ, ಶಂಕುಣ್ಣಿ,” ಎಂದ.

“ಕಾಯಿಸಿಡಿ ಅಣ್ಣಾ, ಇಲ್ದಿದ್ರೆ ಒಡೆದುಹೋಗತ್ತೆ,” ಎಂದು ಶಂಕುಣ್ಣಿ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.