ಲಾರಿಯ ಪಂಪೂ ಓಡಿದ ದಿಬ್ಬಣವೂ

ಕಾರಿನ ಪಂಪು ಬದಲಾಯಿಸುವುದು ಮಹಾ ವಿದ್ಯೆಯೇನಲ್ಲ. ಬೋಲ್ಟು ಬಿಚ್ಚಬೇಕು, ಹಳೆಯದನ್ನು ತೆಗೆಯಬೇಕು, ಹೊಸದನ್ನು ಕೂರಿಸಬೇಕು, ಬೋಲ್ಟು ಬಿಗಿಯಬೇಕು. ಚಾಮರಾಜನಗರದಲ್ಲಿ ಜವಳಿ ಅಂಗಡಿ ಇಟ್ಟುಕೊಂಡವನಾದರೂ ಇಷ್ಟು ತಿಳಿಯದಷ್ಟು ದಡ್ಡ ನಾನಲ್ಲ ಎಂದು ಆಗ ನಂಬಿದ್ದೆ.

ನಯಾಪೈಸೆ ಇನ್ನೂ ಬಂದಿರದ ಕಾಲ. ಊರಿನಲ್ಲಿ ಕಾರುಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಒಂದು ನನ್ನದು. ಅದಕ್ಕಿದ್ದದ್ದು ಒಂದೇ ರೋಗ. ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ಎಳೆದುಕೊಡುವ ಪಂಪು ಸೊರಗಿಹೋಗಿ, ಏರು ಕಂಡ ಕೂಡಲೆ ಎಂಜಿನ್ ಏದುಸಿರು ಬಿಡುತ್ತಿತ್ತು. ನನ್ನ ಹೆಂಡತಿ ರಾಜಮ್ಮ ಆ ಕಾರಿನಲ್ಲಿ ಕೂತದ್ದಕ್ಕಿಂತ ಅದನ್ನು ತಳ್ಳಿದ್ದೇ ಹೆಚ್ಚು.

ಇಂಥ ಹೊತ್ತಿನಲ್ಲಿ ಅವಳ ತಮ್ಮ ಮಹದೇವಪ್ಪನ ಮದುವೆ ಗೊತ್ತಾಯಿತು. ಗಂಡಿನ ಮನೆ ಹರವೆ, ಹೆಣ್ಣಿನ ಮನೆ ತೆರಕಣಾಂಬಿ. ಮಾವನವರು ದಿಬ್ಬಣಕ್ಕೆಂದು ಒಳ್ಳೆಯ ಎತ್ತಿನ ಗಾಡಿಯನ್ನು ಗೊತ್ತುಮಾಡಿದ್ದರು. ನಾನು ಬಿಟ್ಟೇನೆ? "ಗಾಡಿ ಬ್ಯಾಡಿ ಮಾವ. ಮದುಮಗ ನನ್ ಕಾರಲ್ಲೇ ಮೆರವಣಿಗೆ ಹೋಗ್ಲಿ!" ಎಂದು ತುಂಬಿದ ಮನೆಯಲ್ಲಿ ಘೋಷಿಸಿಬಿಟ್ಟೆ.

ಮನೆಗೆ ಬಂದ ಮೇಲೆ ರಾಜಮ್ಮ ಹೇಳಿದಳು: "ಏನಂದ್ರೆ, ನಮ್ಮಪ್ಪ ನಿಮ್ ಮಾತ ನಂಬ್ಕಂಡು ಗಾಡಿಯವನ್ಗ ಬ್ಯಾಡ ಅಂದ್ಬುಟ್ಟವ್ರ. ನಿಮ್ ಕಾರಿಂದ ಮೂರ್ತ ತಪ್ಪುದ್ರ, ನಾನು ತವರು ಮನೆಗ ಯಾವ್ ಮಕ ಇಟ್ಕಂಡ್ ಓಗ್ಲಿ?"

"ಮೂರ್ತಕ್ಕೆ ಮುಂಚೇನೇ ಕರ್ಕೊಂಡು ಹೋಗ್ತೀನಿ, ನೋಡ್ತಿರು!"

ಮರುದಿನವೇ ಗುಂಡ್ಲುಪೇಟೆಗೆ ಹೋದೆ. ಅಲ್ಲಿ ಹಳೆ ಲಾರಿಗಳ ಸಾಮಾನು ಮಾರುವವನ ಹತ್ತಿರ ಇದ್ದ ಪಂಪುಗಳಲ್ಲೆಲ್ಲ ದಪ್ಪದ್ದನ್ನು ಆರಿಸಿದೆ.

"ಇದು ಲಾರೀದು ಕಣ್ ಸಾಮಿ. ಕಾರ್ಗ ಪ್ರೆಶರ್ ಜಾಸ್ತಿ ಆಯ್ತದ," ಎಂದ.

"ಜಾಸ್ತಿ ಆದ್ರೆ ಒಳ್ಳೇದಲ್ವೇನಯ್ಯ!"

ಒಂದು ಗೇಣು ಬಟ್ಟೆ ಜಾಸ್ತಿ ಬಂತೆಂದು ಜಗಳಕ್ಕೆ ಬಂದ ಗಿರಾಕಿಯನ್ನು ನಾನಂತೂ ಕಂಡಿಲ್ಲ.

ಪಂಪನ್ನು ನಾನೇ ಕೂರಿಸಿದೆ. ಹರದನಹಳ್ಳಿ ರಸ್ತೆಯಲ್ಲಿ ಓಡಿಸಿ ನೋಡಿದೆ. ಹಾರಿತು! ಮನೆ ಮುಂದೆ ನಿಧಾನಿಸಿದಾಗ ಮಾತ್ರ ಒಮ್ಮೆ ಕೆಮ್ಮಿ ನಿಂತಿತು, ಕೆಳಗೆ ನಾಲ್ಕು ಹನಿ ಪೆಟ್ರೋಲ್ ತೊಟ್ಟಿಕ್ಕಿತು. ಆನಂದಬಾಷ್ಪ ಎಂದುಕೊಂಡೆ.

ಮದುವೆಯ ದಿನ ಹರವೆಯಿಂದ ತೆರಕಣಾಂಬಿಯವರೆಗೆ, ಮಾಡು ಮಡಚಿದ ಕಾರಿನ ಗಾಳಿಗೆ, ಮಹದೇವಪ್ಪ ಪೇಟವನ್ನು ಎರಡು ಕೈಯಲ್ಲೂ ಒತ್ತಿ ಹಿಡಿದುಕೊಂಡೇ ಬಂದ. ಊರ ಬಾಗಿಲಿನಲ್ಲಿ ಹೆಣ್ಣಿನ ಕಡೆಯವರು ಎದುರುಗೊಂಡರು. ವಾಲಗ ಶುರುವಾಯಿತು. ಮುಂದೆ ವಾಲಗದವರು, ಹಿಂದೆ ಆರತಿ ಹಿಡಿದ ಹೆಂಗಸರು, ಅವರ ಹಿಂದೆ ನನ್ನ ಕಾರು. ಮೆರವಣಿಗೆ ಬಸುರಿಯ ನಡಿಗೆಯಲ್ಲಿ ಹೊರಟಿತು.

ಇಲ್ಲಿ ಸ್ವಲ್ಪ ವಿಜ್ಞಾನ. ಪಂಪು ಕೊಟ್ಟ ಪೆಟ್ರೋಲ್ ಕಾರ್ಬುರೇಟರಿನ ಪುಟ್ಟ ಬಟ್ಟಲಿಗೆ ಬೀಳುತ್ತದೆ. ಬಟ್ಟಲು ತುಂಬಿದಾಗ ಒಂದು ಸೂಜಿ ಅಡ್ಡ ಬಂದು ಸಾಕು ಎನ್ನುತ್ತದೆ. ಕಾರಿನ ಪಂಪಾದರೆ ಮರ್ಯಾದೆಯಿಂದ ನಿಲ್ಲಿಸುತ್ತಿತ್ತು. ಲಾರಿಯ ಪಂಪೋ, ಎಲೆಗೆ ಕೈ ಅಡ್ಡ ಹಿಡಿದರೂ ಬಡಿಸುವ ನೆಂಟನ ಜಾತಿಯದು! ವೇಗವಾಗಿ ಓಡುವಾಗ ಬಡಿಸಿದ್ದನ್ನೆಲ್ಲ ಎಂಜಿನ್ ತಿಂದು ತೇಗುತ್ತಿತ್ತು. ಮೆಲ್ಲಗೆ ಹೋದರೆ ಎಲೆಯೇ ಉಕ್ಕಿ ಹರಿಯುತ್ತಿತ್ತು.

ಉಕ್ಕಿತು. ಕರಿ ಹೊಗೆ ಕಾರಿ ಕಾರು ನಿಂತಿತು. ಹ್ಯಾಂಡ್ಲು ಹಾಕಿ ತಿರುಗಿಸಿದೆ, ಹೊರಟಿತು, ಮತ್ತೆ ನಿಂತಿತು. ಯಾರೋ ಪಟಾಕಿ ಸರ ತಂದರು. ಪೆಟ್ರೋಲ್ ತೊಟ್ಟಿಕ್ಕುತ್ತಿದೆಯಲ್ಲ! "ಪಟಾಕಿ ಹಚ್ಬ್ಯಾಡ್ರಪ್ಪೋ!" ಎಂದು ಅರಚಿಕೊಂಡೆ.

"ನಮ್ ಮದ್ವಗ ಪಟಾಕಿನೂ ಇಲ್ವಾ ಅಳಿಯಂದ್ರೆ?" ಎಂದರು ಮಾವ. ಆಮೇಲೆ ಬಿಸಿಲು ನೋಡಿ, "ಮೂರ್ತ ಮೀರ್ತಾ ಅದ. ಇಳ್ದು ನಡ್ಕಂಡೇ ಓಗನ ಬಾರ್ಲಾ ಮಗ," ಎಂದು ಮದುಮಗನನ್ನು ಕರೆದರು. ಅವನು ಒಂದು ಕಾಲನ್ನು ಕೆಳಗಿಟ್ಟೇಬಿಟ್ಟ.

ಹಿಂದಿನ ಸೀಟಿನಲ್ಲಿ ಕಳಶ ಹಿಡಿದು ಕೂತಿದ್ದ ರಾಜಮ್ಮನ ಕಡೆ ತಿರುಗಿದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿದ್ದಳು.

ಅವಳೇ ಕಣ್ಣೊರೆಸಿಕೊಂಡು ಕೇಳಿದಳು: "ರೋಡಲ್ಲಿ ಓಡ್ತಲ್ಲ, ಮೆಲ್ಲಗ ಓದ್ರ ತಾನೆ ಇದು ನಿಂತ್ಕಳ್ತದ? ಓಡ್ಸಿ ಮತ್ತ!"

"ಮುಂದೆ ವಾಲಗದವ್ರು ಇದ್ದಾರಲ್ಲೇ!"

"ಅವ್ರಿಗೂ ಕಾಲಿಲ್ವಾ?"

ಸೀಟಿನ ಮೇಲೆ ನಿಂತು ಆಜ್ಞೆ ಹೊರಡಿಸಿದೆ: "ಮಹಾಜನರೇ! ಮುಹೂರ್ತದ ದೃಷ್ಟಿಯಿಂದ ದಿಬ್ಬಣವು ಈಗ ಓಡತಕ್ಕದ್ದು!"

"ಊದ್ಕಂಡು ಓಡಕ್ಕಾದದಾ ಸಾಮಿ?" ಎಂದ ನಾಗಸ್ವರದವನು.

"ಓಡಯ್ಯ, ಆದಾಗ ಊದು!"

ಮದುಮಗ ಕೆಳಗಿಟ್ಟ ಕಾಲನ್ನು ಒಳಗೆಳೆದುಕೊಂಡ. ಹ್ಯಾಂಡ್ಲು ತಿರುಗಿತು, ಕಾರು ಘರ್ಜಿಸಿತು. ದೇವರೇ, ಏನು ದಿಬ್ಬಣ ಅದು! ಡೋಲಿನವನ ಒಂದೊಂದು ನೆಗೆತಕ್ಕೆ ಒಂದೊಂದು ಪೆಟ್ಟು. ನಾಗಸ್ವರ ಮೂರು ಮನೆಗೊಮ್ಮೆ ಕಿರ್ ಎನ್ನುತ್ತಿತ್ತು. ಸೀರೆ ಎತ್ತಿಕಟ್ಟಿದ ಹೆಂಗಸರು ಆರತಿ ಆರದಂತೆ ಸೆರಗು ಮರೆಮಾಡಿಕೊಂಡು ಓಡಿದರು. ಮಾವನವರು ಎಲ್ಲರಿಗಿಂತ ಮುಂದಿದ್ದರು! ಚಪ್ಪರದ ಮುಂದೆ ಬ್ರೇಕೂ ಬೇಕಾಗಲಿಲ್ಲ. ವೇಗ ಇಳಿಸಿದೆ, ಕಾರು ತಾನೇ ಕೆಮ್ಮಿ ನಿಂತಿತು.

ಧಾರೆ ಸರಿಯಾಗಿ ಮುಹೂರ್ತಕ್ಕೇ ಆಯಿತು. ಹೆಣ್ಣಿನ ಅಜ್ಜಿ ನನ್ನ ಗಲ್ಲ ಹಿಡಿದು, "ನಮ್ಮೂರ್ಗ ಮೂರ್ತಕ್ಕ ಮುಂಚ ಬಂದ ದಿಬ್ಬಣ ಇದೊಂದೇ ಕಣಪ್ಪ!" ಎಂದರು. ಮಾವ ಏದುತ್ತಲೇ ನನ್ನ ಬೆನ್ನು ತಟ್ಟಿದರು. ರಾಜಮ್ಮ ತವರಿನವರ ನಡುವೆ ತಲೆ ಎತ್ತಿಕೊಂಡು ಓಡಾಡುತ್ತಿದ್ದಳು. ನನಗೆ ಇನ್ನೇನು ಬೇಕು?

ಬೇಡವೆಂದರೂ ಸಿಕ್ಕಿತು. ಊಟಕ್ಕೆ ಕೂತ ಈ ವೀರನನ್ನು ಬೀಗರು ಸುತ್ತುವರಿದರು. ಒಬ್ಬಟ್ಟು ಹಾಕಿದರು. ಸಾಕೆಂದು ಎಲೆಗೆ ಕೈ ಅಡ್ಡ ಹಿಡಿದೆ. ಕೈಯ ಮೇಲೇ ಒಬ್ಬಟ್ಟು ಇಟ್ಟು, ಬೆರಳ ಸಂದಿಯಲ್ಲೇ ತುಪ್ಪ ಸುರಿದರು. ತಿಂದೆ. ಕೊನೆಗೆ ಏಳಲು ಹೋದರೆ ಎಂಜಿನ್ ಹತ್ತಲೊಲ್ಲದು! ಇಬ್ಬರು ಬೀಗರು ಹಿಂದಿನಿಂದ ತಳ್ಳಿದರು. ಎದ್ದೆ, ಕೆಮ್ಮಿದೆ, ಕೈ ತೊಳೆಯಲು ಮೆಲ್ಲಗೆ ಎರಡು ಹೆಜ್ಜೆ ಇಟ್ಟು ನಿಂತೆ.

ರಾಜಮ್ಮ ಒಬ್ಬಟ್ಟಿನ ತಟ್ಟೆ ಹಿಡಿದುಕೊಂಡೇ ಕೂಗಿದಳು:

"ಅಯ್ಯೋ, ನಿಲ್ಬ್ಯಾಡಿ! ಓಡಿ!"