ಸಂಜೀವಪ್ಪನ ಗೋಡೆ

ಭಜನೆ ಮೇಳದ ಗೋಪಣ್ಣನ ಹಾರ್ಮೋನಿಯಂ ತಿದಿಯನ್ನು ಇಲಿ ಕಡಿದದ್ದೇ ಎಲ್ಲಕ್ಕೂ ಮೂಲ. ಇಲಿಯಾದರೂ ಒಂದು ದಿನ ತಡೆದು ಕಡಿದಿದ್ದರೆ, ಅಥವಾ ಪಕ್ಕದ ಮನೆಯ ಸಂಜೀವಪ್ಪನಾದರೂ ಒಂದು ದಿನ ತಡೆದು ಸತ್ತಿದ್ದರೆ, ರಾಯದುರ್ಗದ ಕಲ್ಲೇಶ ಆ ಸಂಜೆ ಮಡಕಶಿರದಲ್ಲಿ ಕೂತು ಜಾಜ್ ನುಡಿಸುತ್ತಿದ್ದ. ಇಬ್ಬರೂ ತಡೆಯಲಿಲ್ಲ.

ಕಲ್ಲೇಶನದು ಜೀನ್ಸ್ ಹೊಲಿಯುವವರಿಗೆ ಜಿಪ್ಪು, ಗುಂಡಿ, ದಾರ ಮಾರುವ ಅಂಗಡಿ. ವಯಸ್ಸು ನಲವತ್ತರ ಹತ್ತಿರ, ಮದುವೆಯಾಗಿಲ್ಲ. ಇರುವುದು ಒಂದು ಹಳೆಯ ಕೀಬೋರ್ಡು ಮತ್ತು ಜಾಜ್ ಪಿಯಾನೊ ಕಲಿಯುವ ಹುಚ್ಚು. ಭಾನುವಾರಗಳಂದು ಬೆಂಗಳೂರಿನ ಸುನೀಲ್ ಮೇಷ್ಟ್ರು ಫೋನಿನಲ್ಲಿ ಮುಖ ತೋರಿಸಿ ಪಾಠ ಹೇಳುತ್ತಿದ್ದರು.

"ಎಡಗೈ ಮನೇಲೇ ಇರ್ಬೇಕು ಕಲ್ಲೇಶ್, ಬಲಗೈ ಊರು ಸುತ್ತಬೇಕು. ಬರೆದಿಟ್ಟಿದ್ದನ್ನ ನುಡಿಸೋದಲ್ಲ, ಆ ಹೊತ್ತಿಗೆ ಹೊಳೆದಿದ್ದನ್ನ ನುಡಿಸ್ಬೇಕು. ಆದ್ರೆ ಊಟದ ಹೊತ್ತಿಗೆ ಬಲಗೈ ಮನೆಗೆ ಬಂದ್ಬಿಡ್ಬೇಕು."

ಕಲ್ಲೇಶನ ಬಲಗೈ ಉತ್ಸಾಹದಿಂದಲೇ ಹೊರಡುತ್ತಿತ್ತು. ದಾರಿ ತಪ್ಪಿ ಎಲ್ಲೋ ನಿಂತುಬಿಡುತ್ತಿತ್ತು. ಒಮ್ಮೆ ಅಂಗಡಿಗೆ ಬಂದ ಟೈಲರ್ ಒಬ್ಬ ಅರ್ಧ ಗಂಟೆ ಕೂತು ಕೇಳಿ, ಕೊನೆಗೆ ಮರ್ಯಾದೆಯಿಂದಲೇ, "ಚಲೋ ಐತ್ರಿ. ಹಾಡು ಯಾವಾಗ ಸುರು ಆಗ್ತೈತಿ?" ಎಂದು ಕೇಳಿದ. ಊರಿನಲ್ಲಿ ಇದಕ್ಕಿಂತ ಒಳ್ಳೆಯ ಮಾತು ಅವನಿಗೆ ಸಿಕ್ಕಿರಲಿಲ್ಲ. ಒಬ್ಬರಾದರೂ ಕೂತು, ನಿಲ್ಲಿಸು ಎನ್ನದೆ, ಕೊನೆಯವರೆಗೆ ಕೇಳಲಿ ಎಂಬುದೊಂದೇ ಅವನ ಆಸೆ.

ಎಲ್ಲರಿಗಿಂತ ದೊಡ್ಡ ಶತ್ರು ಸಂಜೀವಪ್ಪ. ಕಲ್ಲೇಶನ ಮನೆಗೂ ಅವನ ಮನೆಗೂ ನಡುವೆ ಒಂದೇ ಗೋಡೆ. ಲಕ್ವ ಹೊಡೆದು ಮಾತು ನಿಂತು ಮಂಚ ಹಿಡಿದಿದ್ದ ಮುದುಕನ ಎಡಗೈಯೊಂದು ಆಡುತ್ತಿತ್ತು, ಅದರಲ್ಲೊಂದು ಸ್ಟೀಲ್ ಲೋಟ ಇರುತ್ತಿತ್ತು. ಕಲ್ಲೇಶ ಸ್ವರ ತಪ್ಪಿ ಕೈ ನಿಲ್ಲಿಸಿದನೋ ಇಲ್ಲವೋ, ಗೋಡೆ ಢಣ್ ಎನ್ನುತ್ತಿತ್ತು. ತಪ್ಪು ಹಿಡಿಯುವುದರಲ್ಲಿ ಮೇಷ್ಟ್ರಿಗಿಂತ ಚುರುಕು. ಕಲ್ಲೇಶ ಹೆದರಿ ಸ್ವಿಚ್ ಆರಿಸುತ್ತಿದ್ದ. ಆಗಲೂ ಢಣ್ ಢಣ್. ಮನೆಯಲ್ಲಿ ಯಾರೂ ಇಲ್ಲವೆಂದು ತಿಳಿಯಲಿ ಎಂದು ದೀಪವನ್ನೂ ಆರಿಸಿ ಕತ್ತಲಲ್ಲಿ ಕೂರುತ್ತಿದ್ದ. ಒಂದಷ್ಟು ಹೊತ್ತು ಬಡಿದು ಮುದುಕನೂ ಸುಸ್ತಾಗುತ್ತಿದ್ದ. ಕೊನೆಗೆ ಕಲ್ಲೇಶ ಮನೆಯಲ್ಲಿ ನುಡಿಸುವುದನ್ನೇ ಬಿಟ್ಟ.

ಅಂಥ ಹೊತ್ತಿನಲ್ಲಿ ಮಡಕಶಿರದ ರೇಷ್ಮೆಗೂಡಿನ ವ್ಯಾಪಾರಿ ಶಶಿಧರ್, ಸುನೀಲ್ ಮೇಷ್ಟ್ರಿಂದ ನಂಬರು ಪಡೆದು, ಫೋನ್ ಮಾಡಿದ. ತಂಗಿಯ ನಿಶ್ಚಿತಾರ್ಥ. ಬೆಂಗಳೂರಿನ ಯಾವುದೋ ಹೋಟೆಲಿನಲ್ಲಿ ಊಟದ ಹೊತ್ತಿಗೆ ಪಿಯಾನೊ ನುಡಿಸುವುದನ್ನು ನೋಡಿ ಬಂದಿದ್ದನಂತೆ. "ಅದೇ ಥರ ಬೇಕು ಸಾ. ಜನ ಉಣ್ತಾ ಇರ್ತಾರೆ, ನೀವು ಒಂದ್ ಮೂಲೇಲಿ ಮೆತ್ತಗೆ ನುಡಿಸ್ತಾ ಇರಿ. ಯಾರೂ ನಿಮ್ ತಂಟೆಗೆ ಬರಲ್ಲ." ಯಾರೂ ನಿಲ್ಲಿಸು ಎನ್ನುವುದಿಲ್ಲ! ಕಲ್ಲೇಶನಿಗೆ ಅಷ್ಟೇ ಸಾಕಾಗಿತ್ತು. ಹೊಸ ಷರ್ಟು ಹೊಲಿಸಿದ.

ಹೊರಡುವ ದಿನ ಬೆಳಿಗ್ಗೆ ಭಜನೆ ಮೇಳದ ಹಿರಿಯ ಪಂಚಾಕ್ಷರಯ್ಯ ಬಾಗಿಲಿಗೆ ಬಂದ.

"ಎದ್ದೀಯೇನಪ ಕಲ್ಲೇಶ? ಸಂಜೀವಪ್ಪ ಹೋಗಿಬಿಟ್ಟ. ಗೋಪಣ್ಣನ ಪೆಟಿಗಿ ಇಲಿ ಕಡದಾವು. ನಿನ್ನ ಪೆಟಿಗಿ ತಗಂಡು ಬಾ."

ಕಲ್ಲೇಶನ ಮನಸ್ಸಿಗೆ ಮೊದಲು ಹೊಳೆದದ್ದು, ಇನ್ನು ಗೋಡೆ ಬಡಿಯುವವರಿಲ್ಲ ಎಂದು. ಹೊಳೆದ ಮೇಲೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ತಾತಾ, ನಾನು ಮಧ್ಯಾಹ್ನದ ಬಸ್ಸಿಗೆ ಮಡಕಶಿರಕ್ಕ ಹೋಗಬೇಕ್ರಿ."

"ಅಷ್ಟರಾಗ ಎತ್ತಿಬಿಡ್ತೀವಿ ಬಾ. ಎತ್ತಾತನಕ ಭಜನಿ ನಿಂದರಬಾರದು, ನಿನಗ ಗೊತ್ತಿಲ್ಲೇನು?"

ಗೊತ್ತಿತ್ತು. ಪಕ್ಕದ ಮನೆಯ ಸಾವಿಗೆ ಇಲ್ಲ ಎಂದರೆ ನಾಳೆ ಅವನ ಅಂಗಡಿಯಲ್ಲಿ ಒಂದು ಗುಂಡಿಯೂ ಮಾರಾಟವಾಗುತ್ತಿರಲಿಲ್ಲ.

ಹಣೆ ತುಂಬ ವಿಭೂತಿ ಬಳಿದು, ಹಾರ ಹಾಕಿ, ಸಂಜೀವಪ್ಪನನ್ನು ಆ ಗೋಡೆಗೇ ಒರಗಿಸಿ ಕೂರಿಸಿದ್ದರು. ಸತ್ತರೂ ಕಾವಲು ಬಿಟ್ಟಂತೆ ಕಾಣಲಿಲ್ಲ. ಕಲ್ಲೇಶ ಅವನ ಕಣ್ಣು ತಪ್ಪಿಸಿ ಕೂತು ಕೀಬೋರ್ಡು ಬಿಚ್ಚಿದ. ಪಂಚಾಕ್ಷರಯ್ಯ ಹಾಡು ಎತ್ತಿದ. ಕಲ್ಲೇಶನ ಬಲಗೈ ಹಳೆಯ ಚಾಳಿಯಂತೆ ಊರು ಸುತ್ತಲು ಹೊರಟಿತು. ಹಾಡುವವರು ಒಂದು ದಾರಿ, ಪೆಟ್ಟಿಗೆ ಇನ್ನೊಂದು ದಾರಿ.

"ಏ, ನೆಟ್ಟಗ ನುಡಸೋ! ಅವನೇನು ಬಳ್ಳಾರಿ ಸುತ್ತಿಕೊಂಡು ಕೈಲಾಸಕ್ಕ ಹೋಗಬೇಕೇನು?" ಎಂದು ಪಂಚಾಕ್ಷರಯ್ಯ ಗದರಿದ.

ಗಾಬರಿಯಲ್ಲಿ ಕಲ್ಲೇಶನ ಬೆರಳು ಬೇರೊಂದು ಗುಂಡಿಗೆ ತಾಗಿತು. ಕೀಬೋರ್ಡಿನೊಳಗಿಂದ ಮದುವೆ ಮೆರವಣಿಗೆಯ ಕುಣಿತದ ಡೋಲು ಧಡಧಡ ಶುರುವಾಯಿತು. ತಾಳ ಹಾಕುತ್ತಿದ್ದವನು ಕಣ್ಣು ಮುಚ್ಚಿಕೊಂಡೇ ಅದಕ್ಕೂ ತಾಳ ಕೂಡಿಸಿದ. ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ತಿರುಗಿ ನೋಡಿದರು. ಕಲ್ಲೇಶ ಗುಂಡಿ ಹುಡುಕಿ ಆರಿಸುವಷ್ಟರಲ್ಲಿ ಅವನ ಹೊಸ ಷರ್ಟು ಬೆವರಿಗೆ ಬೆನ್ನಿಗಂಟಿತ್ತು.

ಮಧ್ಯಾಹ್ನವಾಯಿತು. ಮಗಳು ಸುಜಾತಾ ಹೈದರಾಬಾದಿನಿಂದ ಬರಬೇಕು, ಅವಳು ಮುಖ ನೋಡದೆ ಎತ್ತುವಂತಿಲ್ಲ. ಮೇಳದವರು ಒಬ್ಬೊಬ್ಬರಾಗಿ ಚಹಾಕ್ಕೆ ಎದ್ದರು. ಪಂಚಾಕ್ಷರಯ್ಯನೂ ಗಂಟಲು ಹಿಡಿದುಕೊಂಡು, "ನೀನು ನಿಂದರಸಬ್ಯಾಡ" ಎಂದು ಹೇಳಿ ಹೊರಗೆ ನಡೆದ. ಮಡಕಶಿರದ ಬಸ್ಸು ಹೋದದ್ದೂ ಆಯಿತು. ಜೇಬಿನಲ್ಲಿ ಫೋನು ನಡುಗಿತು. ಕಲ್ಲೇಶ ಎಡಗೈಯನ್ನು ಮನೆಯಲ್ಲೇ ಬಿಟ್ಟು, ಬಲಗೈಯಲ್ಲಿ ಫೋನು ಹಿಡಿದ.

"ಎಲ್ಲಿದೀರ ಸಾ? ಏನದು ಸೌಂಡು? ಸತ್ತೋರ್ ಮನೆ ಇದ್ದಂಗೈತೆ!" ಎಂದ ಶಶಿಧರ್.

ಸುಳ್ಳು ಹೇಳುವುದನ್ನು ಕಲ್ಲೇಶ ಕಲಿತಿರಲಿಲ್ಲ. "ಹೌದ್ರಿ, ಅಲ್ಲೇ ಅದೀನಿ. ಎತ್ತಿದ ಕೂಡ್ಲೆ ಕಾರ್ ಮಾಡ್ಕೊಂಡು ಬಂದುಬಿಡ್ತೀನ್ರಿ."

"ನಮ್ದು ಶುಭಕಾರ್ಯ ಸಾ. ಹೆಣದ ಮುಂದೆ ನುಡಿಸಿದ್ ಪೆಟ್ಗೆ ತಂದ್ರೆ ನಮ್ಮಜ್ಜಿ ಬಾಗ್ಲಲ್ಲೇ ನಿಲ್ಸಿಬಿಡ್ತಾಳೆ. ಡಿಜೆ ಹೇಳ್ಕಂತೀವಿ, ಬೇಜಾರ್ ಮಾಡ್ಕಬ್ಯಾಡಿ."

ಫೋನು ಜೇಬಿಗೆ ಹೋಯಿತು. ಕಲ್ಲೇಶನಿಗೆ ಅಳು ಬಂತು. ಸಾವಿನ ಮನೆಯಲ್ಲಿ ಅಳುವುದಕ್ಕೆ ಯಾರ ಅಪ್ಪಣೆಯೂ ಬೇಡವಲ್ಲ, ಅತ್ತ. ಅಳುತ್ತಲೇ ನುಡಿಸಿದ. ಎಡಗೈ ತನ್ನ ಪಾಡಿಗೆ ಲಯವನ್ನು ಸ್ವಲ್ಪ ಕುಂಟಿಸುತ್ತ ಕೂತಿತು. ಬಲಗೈ ಹೊರಟಿತು. ಹೊಲಿಸಿದ ಷರ್ಟು, ಹೋದ ಬಸ್ಸು, ಕತ್ತಲಲ್ಲಿ ಕೂತ ಸಂಜೆಗಳು, ಎಲ್ಲವನ್ನೂ ಸುತ್ತಿತು. ಆಶ್ಚರ್ಯವೆಂದರೆ, ಸರಿಯಾದ ಹೊತ್ತಿಗೆ ಮನೆಗೂ ಬಂತು. ತಲೆಯೆತ್ತಿ ನೋಡಿದರೆ ಹೆಂಗಸರು ಬಿಕ್ಕುತ್ತಿದ್ದರು, ಬಾಗಿಲಲ್ಲಿ ನಿಂತ ಪಂಚಾಕ್ಷರಯ್ಯ ಪಂಚೆಯ ಚುಂಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಯಾರೂ ನಿಲ್ಲಿಸು ಎನ್ನಲಿಲ್ಲ. ಕಲ್ಲೇಶನ ಎದೆ ಉಬ್ಬಿತು. ಅಷ್ಟರಲ್ಲಿ ಹೊರಗೆ ಕಾರು ನಿಂತು ಸುಜಾತಾ ಗೋಳಾಡುತ್ತ ಒಳಗೆ ನುಗ್ಗಿದಳು. ಆಗ ಅವನಿಗೆ ಅರ್ಥವಾಯಿತು. ಇವರೆಲ್ಲ ಅತ್ತದ್ದು ಸಂಜೀವಪ್ಪನಿಗಾಗಿ, ಪೆಟ್ಟಿಗೆಯನ್ನು ಯಾರು ಕೇಳಿದ್ದರು?

ಮಣ್ಣು ಮಾಡಿ ಬರುವಾಗ ಬಿಸಿಲು ಇಳಿದಿತ್ತು. ಕಲ್ಲೇಶ ಕೀಬೋರ್ಡು ಎತ್ತಿಕೊಳ್ಳಲು ಹೋದಾಗ ಸಂಜೀವಪ್ಪನ ಹೆಂಡತಿ ಅಂಬಮ್ಮ ಹತ್ತಿರ ಕರೆದಳು.

"ಯಾಕಪ ಕಲ್ಲೇಶ, ಮನಿಯಾಗ ನುಡಸಾದು ಯಾಕ ಬಿಟ್ಟಿ?"

"ಅವರು ಗ್ವಾಡಿ ಬಡಿತಿದ್ರಲ್ರಿ ಅಮ್ಮಾ."

"ಬಡಿತಿದ್ರು. ನೀನು ನಿಂದರಿಸಿದ ಕೂಡ್ಲೆ ಬಡಿತಿದ್ರು. ಬಾಯಿ ಬರತಿದ್ದಿಲ್ಲಲ್ಲಪ, ಇನ್ನಷ್ಟು ನುಡಸು ಅಂತ ಹೆಂಗ ಹೇಳಬೇಕು? ನೀನು ಬಿಟ್ಟ ಮ್ಯಾಲೂ ದಿನಾ ಸಂಜಿಗೆ ಗ್ವಾಡಿ ಕಡೀಗೆ ಮಖ ಮಾಡ್ಕೊಂಡು ಲ್ವಾಟ ಹಿಡ್ಕೊಂಡು ಕಾಯ್ತಿದ್ರು." ಅಂಬಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಇವತ್ತರ ಒಂಚೂರು ನುಡಸು. ಎಲ್ಲೇ ಇದ್ರೂ ಕೇಳ್ತಾರ."

ಈ ಊರಿನಲ್ಲಿ ಕಲ್ಲೇಶನಿಗಿದ್ದವನು ಒಬ್ಬನೇ ಒಬ್ಬ ಕೇಳುಗ. ಅವನಿಗೆ ಹೆದರಿ ದೀಪ ಆರಿಸಿ ಕೂತಿದ್ದ. ಈಗ ತಾನೇ ಅವನ ಮೇಲೆ ಒಂದು ಹಿಡಿ ಮಣ್ಣನ್ನೂ ಹಾಕಿ ಬಂದಿದ್ದ.

ಮನೆಗೆ ಬಂದು ಸ್ನಾನ ಮಾಡಿ, ದೀಪ ಹಚ್ಚಿ, ಗೋಡೆಗೆ ಮುಖ ಮಾಡಿ ಕೂತ. ಮೆಲ್ಲಗೆ ನುಡಿಸತೊಡಗಿದ. ಕಣ್ಣು ಮಂಜಾಗಿ ಒಂದು ಕಡೆ ಸ್ವರ ತಪ್ಪಿತು, ಕೈ ನಿಂತಿತು.

ಢಣ್!

ಕಲ್ಲೇಶನ ಮೈ ಜುಂ ಎಂದಿತು. ಅದೇ ಗೋಡೆ, ಅದೇ ಲೋಟದ ಸದ್ದು. "ನುಡಿಸ್ತೀನ್ರಿ ಯಜಮಾನ್ರೆ, ನುಡಿಸ್ತೀನಿ" ಎಂದು ಗದ್ಗದನಾಗಿ ಸದ್ದು ಜಾಸ್ತಿ ಮಾಡಿ ನುಡಿಸಿದ. ಢಣ್ ಢಣ್! ಇನ್ನೂ ಜಾಸ್ತಿ ಮಾಡಿದ. ಢಣ್ ಢಣ್ ಢಣ್! ಕಲ್ಲೇಶ ಅಳುತ್ತ ನಗುತ್ತ, ಪೆಟ್ಟಿಗೆಗೆ ಎಷ್ಟು ಶಕ್ತಿಯಿತ್ತೋ ಅಷ್ಟನ್ನೂ ತಿರುಗಿಸಿಟ್ಟ.

ಗೋಡೆಯ ಸದ್ದು ನಿಂತು, ಬಾಗಿಲ ಸದ್ದು ಶುರುವಾಯಿತು. ತೆಗೆದರೆ ಸುಜಾತಾ. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು. ಕೈಯಲ್ಲಿ ಅಪ್ಪನ ಸ್ಟೀಲ್ ಲೋಟ.

"ಮನುಷ್ಯರೇನ್ರಿ ನೀವು? ತಲಿ ಸಿಡೀತೈತಿ, ನಿಂದರಸ್ರಿ ಅಂತ ಗ್ವಾಡಿ ಬಡದ್ರ ಇನ್ನಾ ಜೋರು ಮಾಡ್ತೀರಲ್ರಿ! ಪಾಪ, ನಮ್ಮಪ್ಪ ದಿನಾ ಹೆಂಗ ತಡಕೊಂಡಿದ್ನೋ ಏನೋ!"

ಅವಳು ಹೋದ ಮೇಲೆ ಕಲ್ಲೇಶ ಬಾಗಿಲು ಹಾಕಿ ಸ್ವಿಚ್ ಆರಿಸಿದ. ಆಮೇಲೆ ರೂಢಿಯಂತೆ ದೀಪವನ್ನೂ ಆರಿಸಿ ಕೂತ.