ನಾನೊಬ್ಬನೇ ಮಾಡಿದ ಆಲ್ಬಂ

ಗಾಯಕ: ಶನಿವಾರ ಸ್ಟೇಜ್ ಮೇಲೆ ಡ್ರಮ್ಸ್ ನಾನೇ ಬಾರಿಸ್ತೀನಿ. ಸಂಘಟಕರಿಗೆ ಮಾತು ಕೊಟ್ಟಾಯ್ತು.

ಹೆಂಡತಿ: ಮಾತು ಕೊಡೋಕೆ ಮುಂಚೆ ನನ್ನನ್ನ ಒಂದು ಮಾತು ಕೇಳ್ಬಾರದಿತ್ತಾ?

ಗಾಯಕ: ಆಲ್ಬಂನಲ್ಲಿ ಬಾರಿಸಿದೋನು ನಾನು. ನಿನ್ನನ್ನ ಕೇಳೋದೇನು?

(ಗೋಡೆಗೆಲ್ಲ ಹಳೆಯ ಹಾಸಿಗೆ ಕಟ್ಟಿ ಸ್ಟುಡಿಯೋ ಮಾಡಿಕೊಂಡ ಹಿಂದಿನ ಕೋಣೆ. ಈ ರಾಕ್ ಗಾಯಕ ತನ್ನ ಬ್ಯಾಂಡಿನ ಮೂವರ ಜೊತೆ ಜಗಳವಾಡಿ, "ನಿಮ್ಮ ಹಂಗೇ ಬೇಡ, ಎಲ್ಲ ವಾದ್ಯ ನಾನೇ ನುಡಿಸ್ತೀನಿ" ಎಂದು ಹೊರಬಿದ್ದವನು. ಇದೇ ಕೋಣೆಯಲ್ಲಿ ಕೂತು ಏಕಾಂಗಿಯಾಗಿ ಆಲ್ಬಂ ಮುಗಿಸಿದ್ದಾನೆ. ರೆಕಾರ್ಡ್ ಮಾಡಿದ್ದು ಹೆಂಡತಿ. ಅದು ಅವಳ ಕಸುಬು. ಆಲ್ಬಂ ಹೊರಬಂದಿದ್ದೇ ತಡ, ಪತ್ರಿಕೆಗಳೆಲ್ಲ ಹೊಗಳಿವೆ. ಅಂದಿನಿಂದ ಗಾಯಕನ ಕಾಲು ನೆಲದ ಮೇಲಿಲ್ಲ.)

ಹೆಂಡತಿ: ಹಾಡ್ತಾ ಹಾಡ್ತಾ ಬಾರಿಸಿದ್ರೆ ಉಸಿರು ಕಟ್ಟುತ್ತೆ ರೀ. ಗಂಟಲು ಹೋಗುತ್ತೆ.

ಗಾಯಕ: ವಿಮರ್ಶೆ ಓದಿಲ್ವಾ? 'ಈ ಗಾಯಕನ ಗಂಟಲಿಗಿಂತ ಕೈಯೇ ಮೇಲು' ಅಂತ ಬರೆದಿದ್ದಾರೆ.

ಹೆಂಡತಿ: ಓದಿದೆ. ಆಗಿನಿಂದ ಯಾರ ಫೋನ್ ಬಂದ್ರೂ ಎತ್ತೋಕೆ ಭಯ.

ಗಾಯಕ: ಅದಕ್ಕೆ ಭಯ ಅನ್ನಲ್ಲ ಕಣೇ, ಹೊಟ್ಟೆಕಿಚ್ಚು ಅಂತಾರೆ. ರೆಕಾರ್ಡಿಂಗ್ ಬಗ್ಗೆ ಯಾರೂ ಒಂದು ಸಾಲೂ ಬರೀಲಿಲ್ಲ, ಅಷ್ಟೇ ತಾನೆ? ಮುಂದಿನ ಸಂದರ್ಶನದಲ್ಲಿ ನಿನ್ನ ಹೆಸರು ಹೇಳ್ತೀನಿ ಬಿಡು.

ಹೆಂಡತಿ: ಬೇಡಪ್ಪ ಪುಣ್ಯಾತ್ಮ. ಹೆಸರು ಹೇಳೋಕೆ ಶುರು ಮಾಡಿದ್ರೆ ಎಲ್ಲಿಗೆ ಹೋಗಿ ನಿಲ್ಲುತ್ತೋ.

(ಬಾಗಿಲು ದಬದಬ ಬಡಿದ ಸದ್ದಾಗುತ್ತದೆ. ಬಡಿತದಲ್ಲಿ ತಾಳ ಒಂಚೂರೂ ತಪ್ಪಿಲ್ಲ. ಹಳೆಯ ಬ್ಯಾಂಡಿನ ಡ್ರಮ್ಮರ್ ಪತ್ರಿಕೆ ಹಿಡಿದು ಒಳಗೆ ನುಗ್ಗುತ್ತಾನೆ.)

ಡ್ರಮ್ಮರ್: ಅತ್ತಿಗೆ, ಇವತ್ತು ನಾನು ಸುಮ್ನಿರಲ್ಲ.

ಹೆಂಡತಿ: ಕಾಫಿ ಕುಡೀತೀಯಾ?

ಡ್ರಮ್ಮರ್: ಕಾಫಿ ಬೇಡ, ನ್ಯಾಯ ಬೇಕು.

ಗಾಯಕ: ವಿಮರ್ಶೆ ಓದಿ ಉರ್ಕೊಂಡು ಬಂದಿದ್ದಾನೆ, ಪಾಪ.

ಡ್ರಮ್ಮರ್: ಉರಿಯದೆ ಇನ್ನೇನೋ? 'ಇವರ ಹಳೆಯ ಡ್ರಮ್ಮರ್ ಈ ಆಲ್ಬಂ ಕೇಳಿ ಪಾಠ ಕಲಿಯಬೇಕು' ಅಂತೆ. ನನ್ನ ಹತ್ರ ನಾನೇ ಪಾಠ ಕಲೀಬೇಕಾ?

ಗಾಯಕ: ನಿನ್ನ ಹತ್ರ ಅಲ್ಲ ಮಾರಾಯ, ನನ್ನ ಹತ್ರ.

(ಹೆಂಡತಿ ಡ್ರಮ್ಮರನ ಕಾಲು ತುಳಿಯುತ್ತಾಳೆ.)

ಡ್ರಮ್ಮರ್: ಅಯ್ಯೋ, ಆ ಕಾಲು ಬೇಡ ಅತ್ತಿಗೆ. ಅವತ್ತು ಆಂಪ್ಲಿಫೈಯರ್ ಬಿದ್ದಿದ್ದು ಅದರ ಮೇಲೇ.

ಗಾಯಕ: ಎಲ್ಲಿ ಬಿತ್ತು?

ಡ್ರಮ್ಮರ್: ಇಲ್ಲೇ.

ಗಾಯಕ: ನೀನು ಈ ಮನೆಗೆ ಕಾಲಿಟ್ಟು ವರ್ಷ ಆಯ್ತಲ್ಲೋ.

ಡ್ರಮ್ಮರ್: ಕಾಲಿಟ್ಟಿದ್ದಕ್ಕೇ ಬಿದ್ದಿದ್ದು.

(ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಹೆಂಡತಿಗೆ ಗೊತ್ತಾಗುತ್ತದೆ.)

ಹೆಂಡತಿ: ನೋಡ್ರೀ, ನೀವು ಬೆಳಗ್ಗೆ ಬಾರಿಸಿ ಮಧ್ಯಾಹ್ನ ಮಲಗ್ತಿದ್ರಿ. ಆಗ ಇವನು ಬಂದು ಅದನ್ನೇ ಇನ್ನೊಂದ್ಸಲ ಬಾರಿಸ್ತಿದ್ದ. ಆಲ್ಬಂನಲ್ಲಿರೋದು ಇವನದು.

ಗಾಯಕ: ಪಕ್ಕದ ಕೋಣೇಲಿ ಡ್ರಮ್ಸ್ ಬಾರಿಸಿದ್ರೆ ನನಗೆ ಎಚ್ಚರ ಆಗಲ್ವಾ?

ಹೆಂಡತಿ: ಆಗ್ತಿತ್ತು. 'ಏನೇ ಅದು ಸದ್ದು' ಅಂತಿದ್ರಿ. 'ನೀವು ಬೆಳಗ್ಗೆ ಬಾರಿಸಿದ್ದನ್ನೇ ಕೇಳ್ತಿದ್ದೀನಿ' ಅಂತಿದ್ದೆ. 'ಎಂಥಾ ಕೈ ನಂದು' ಅಂತ ಮಗ್ಗುಲು ಬದಲಾಯಿಸ್ತಿದ್ರಿ.

ಗಾಯಕ: ಹಾಗಾದ್ರೆ ನಾನು ಬಾರಿಸಿದ್ದು?

ಹೆಂಡತಿ: ಜೋಪಾನವಾಗಿ ಇಟ್ಟಿದ್ದೀನಿ. ಯಾರ ಕಿವಿಗೂ ಬೀಳದ ಹಾಗೆ.

ಗಾಯಕ: ಗಿಟಾರ್ ಆದ್ರೂ ನಂದು ತಾನೆ?

ಹೆಂಡತಿ: ನಿಮ್ಮನ್ನ ಮೇಲಿಂದ ಮೇಲೆ ಹಲ್ಲಿನ ಡಾಕ್ಟರ ಹತ್ರ ಕಳಿಸ್ತಿದ್ದೆನಲ್ಲ...

ಗಾಯಕ: ಅದಕ್ಕಾ! ಹಲ್ಲು ಚೆನ್ನಾಗೇ ಇದೆ, ಯಾಕ್ರೀ ಬರ್ತೀರಿ ಅಂತ ಆ ಡಾಕ್ಟರು ಬೈದು ಕಳಿಸಿದ್ರು. ಮತ್ತೆ ಬೇಸ್ ಗಿಟಾರ್?

ಹೆಂಡತಿ: ನಲ್ಲಿ ರಿಪೇರಿಗೆ ಅಂತ ಟೋಪಿ, ಕಪ್ಪು ಕನ್ನಡಕ ಹಾಕ್ಕೊಂಡು ಒಬ್ಬರು ಬರ್ತಿದ್ರಲ್ಲ.

ಗಾಯಕ: ಅವನ ಮುಂದೆ ಕೂತು ಬ್ಯಾಂಡಿನವರನ್ನೆಲ್ಲ ಬಾಯಿಗೆ ಬಂದ ಹಾಗೆ ಬೈದಿದ್ದೆ.

ಡ್ರಮ್ಮರ್: ಒಂದಕ್ಷರ ಬಿಡದೆ ಬಂದು ಹೇಳಿದ್ದಾನೆ.

ಗಾಯಕ: ಮೂರನೇ ಹಾಡಿನ ಕೊನೇಲಿ ಆ ಕೂಗು? 'ಎದೆ ಸೀಳುವ ಆರ್ತನಾದ' ಅಂತ ಬರೆದಿದ್ದಾರೆ. ಅದು ನನ್ನ ಗಂಟಲೇ ತಾನೆ?

(ಹೆಂಡತಿ ಡ್ರಮ್ಮರನ ಕಾಲು ನೋಡುತ್ತಾಳೆ. ಡ್ರಮ್ಮರ್ ಆಂಪ್ಲಿಫೈಯರ್ ನೋಡುತ್ತಾನೆ.)

ಡ್ರಮ್ಮರ್: ಭಾರ ಜಾಸ್ತಿ ಇತ್ತು ಕಣೋ.

(ಗಾಯಕ ತಲೆಯ ಮೇಲೆ ಎರಡೂ ಕೈ ಹೊತ್ತು ಕೂರುತ್ತಾನೆ. ನಿಜಕ್ಕೂ ಅವನಿಗೆ ಅಳು ಬಂದಿದೆ.)

ಗಾಯಕ: ಅಷ್ಟೆಲ್ಲಾ ಬೈದು ಹೋದವನಿಗೆ ಯಾಕ್ರೋ ಮಾಡಿದ್ರಿ?

ಡ್ರಮ್ಮರ್: ಹಾಡುಗಳು ಚೆನ್ನಾಗಿದ್ವು. ನಿನ್ನ ಕೈಗೆ ಸಿಕ್ಕಿ ಒದ್ದಾಡ್ತಿದ್ವು. ಅವುಗಳ ಮೇಲೆ ಕನಿಕರ ಬಂತು, ನಿನ್ನ ಮೇಲಲ್ಲ.

ಗಾಯಕ: ಶನಿವಾರ ಮೂವರೂ ಬರ್ತೀರಾ? ನಾನೊಬ್ಬನೇ ಹೋದ್ರೆ ಮಾನ ಹರಾಜಾಗುತ್ತೆ.

ಡ್ರಮ್ಮರ್: ಬರ್ತೀವಿ. ಆದ್ರೆ ನಿಜ ಏನಂತ ಸಂಘಟಕರಿಗೆ ನೀನೇ ಹೇಳ್ಬೇಕು. ಈಗ್ಲೇ.

(ಗಾಯಕ ತಲೆಯಿಂದ ಕೈ ತೆಗೆಯುವುದಿಲ್ಲ. ಹೆಂಡತಿಯೇ ನಂಬರ್ ಒತ್ತಿ ಫೋನನ್ನು ಅವನ ಕಿವಿಗೆ ಹಿಡಿಯುತ್ತಾಳೆ.)

ಗಾಯಕ: ಹಲೋ... ನೋಡಿ, ಆ ಆಲ್ಬಂ ನಾನೊಬ್ಬನೇ ಮಾಡಿದ್ದಲ್ಲ. ಡ್ರಮ್ಸ್, ಗಿಟಾರ್, ಬೇಸ್ ಎಲ್ಲ ನನ್ನ ಹಳೇ ಬ್ಯಾಂಡಿನವರದ್ದು. ಅವರಿಲ್ಲದೆ ನನ್ನ ಕೈಲಿ ಏನೂ ಆಗಲ್ಲ... ಇಲ್ಲ ಸ್ವಾಮಿ, ನಿಜವಾಗ್ಲೂ... ವಿನಯ ಅಲ್ಲ, ಸತ್ಯ... ದಯವಿಟ್ಟು ಅದನ್ನ ಪೋಸ್ಟರ್ ಮೇಲೆ ಹಾಕ್ಬೇಡಿ.

(ಫೋನ್ ಕಟ್ಟಾಗುತ್ತದೆ.)

ಡ್ರಮ್ಮರ್: ಏನಂದ್ರು?

ಗಾಯಕ: ತುಂಬಿದ ಕೊಡ ತುಳುಕಲ್ಲ ಅಂದ್ರು. ಕೈಬಿಟ್ಟ ಗೆಳೆಯರಿಗೆ ಹೆಸರು ಬಿಟ್ಟುಕೊಡೋ ಇಂಥ ದೊಡ್ಡ ಮನಸ್ಸು ಅವರು ಕಂಡೇ ಇಲ್ವಂತೆ. ನಿಮ್ಮನ್ನೂ ಕರ್ಕೊಂಡು ಬರ್ಬೇಕಂತೆ.

ಡ್ರಮ್ಮರ್: ನಿಜ ಹೇಳಿದ್ರೂ ಹೆಸರು ಇವನಿಗೇ ಬಂತಲ್ಲ ಅತ್ತಿಗೆ.

(ಗಾಯಕನ ಬೆನ್ನು ನಿಧಾನವಾಗಿ ನೆಟ್ಟಗಾಗುತ್ತದೆ.)

ಗಾಯಕ: ಬರ್ಲೇಬೇಕಲ್ಲ. ಮಿಕ್ಕಿದ್ದು ಏನಾದ್ರೂ ಆಗ್ಲಿ, ಈ ತಪ್ಪೊಪ್ಪಿಗೆ ಮಾತ್ರ ನಾನೊಬ್ಬನೇ ಮಾಡಿದ್ದು. ಇದರಲ್ಲಿ ಇನ್ನೊಬ್ಬರ ಕೈ ಇಲ್ಲ.

ಹೆಂಡತಿ: ಫೋನ್ ಹಿಡ್ಕೊಂಡಿದ್ದು ನನ್ನ ಕೈ ರೀ.